ಅರ್ಥ ತಿಳಿಯದೆ ಪದ ಮುರಿಯಬೇಡಿ

ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದಾಗ ಇಂಗ್ಲಿಷ್ ಪದವನ್ನು ಎರಡು ಮಾಡಿ, ನಡುವೆ ಒಂದು ಸಣ್ಣ ಅಡ್ಡಗೆರೆ ಹಾಕಿ, ಉಳಿದದ್ದನ್ನು ಕೆಳಗಿನ ಸಾಲಿಗೆ ಇಳಿಸುತ್ತೇವಲ್ಲ, ಆ ಹೈಫನ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನನ್ನ ಕೆಲಸದ ಹೊತ್ತಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಪುಣೆಯ ನಾರಾಯಣ ಪೇಟೆಯ ಒಂದು ಗಲ್ಲಿಯಲ್ಲಿ ನಮ್ಮ ಆಫೀಸು. ಶಾಲಾ ಪುಸ್ತಕಗಳ ಪುಟ ಕಟ್ಟಿ, ಪ್ರೂಫ್ ನೋಡಿ, ಪ್ರೆಸ್ಸಿಗೆ ಕಳಿಸುತ್ತೇವೆ. ಅಪ್ಪಾ ಬಳವಂತ ಚೌಕ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಜೂನ್ ಬಂತೆಂದರೆ ಆ ಚೌಕದ ಪುಸ್ತಕದಂಗಡಿಗಳ ಮುಂದೆ ಅಪ್ಪ ಅಮ್ಮಂದಿರು ಪಟ್ಟಿ ಹಿಡಿದು ನಿಂತಿರುತ್ತಾರೆ. ಅವರ ಕೈಗೆ ಹೋಗುವ ಪುಸ್ತಕದಲ್ಲಿ ಒಂದು ಪದ ತಪ್ಪು ಜಾಗದಲ್ಲಿ ಮುರಿದಿದ್ದರೆ ನನಗೆ ಸಂಕಟವಾಗುತ್ತದೆ. ಮಗು ಆ ಪದವನ್ನು ಮೊದಲ ಸಲ ನೋಡುತ್ತಿರಬಹುದು, ಅಲ್ವಾ?

ಮುರಿಯಲೇಬೇಕಾ ಅಂತ ಕೇಳಬಹುದು. ಒಂದನೇ, ಎರಡನೇ ತರಗತಿಯ ಪುಸ್ತಕದಲ್ಲಿ ನಾವು ಮುರಿಯುವುದಿಲ್ಲ. ಸಾಲುಗಳ ಬಲಗಡೆ ಏರುಪೇರಾಗಿಯೇ ಇರಲಿ ಅಂತ ಬಿಡುತ್ತೇವೆ. ದೊಡ್ಡ ಮಕ್ಕಳ ಪುಸ್ತಕದಲ್ಲಿ ಎರಡು ಕಾಲಮ್ ಇರುತ್ತದೆ, ಎರಡೂ ಅಂಚು ನೇರ ಇರಬೇಕು. ಕಾಲಮ್ ಕಿರಿದು, ಪದಗಳು ಉದ್ದ. ಮುರಿಯದೆ ಇದ್ದರೆ ಪದಗಳ ನಡುವೆ ಬಿಳಿ ಜಾಗ ಬಾಯಿ ಬಿಡುತ್ತದೆ. ಹತ್ತು ಸಾಲು ಕೆಳಗಿನವರೆಗೆ ಆ ಬಿಳಿ ಜಾಗಗಳು ಒಂದಕ್ಕೊಂದು ಸೇರಿ ಹೊಳೆಯಂತೆ ಇಳಿಯುತ್ತವೆ. ನಮ್ಮ ಕೆಲಸದವರು ಅದನ್ನು ರಿವರ್ ಅಂತಲೇ ಕರೆಯುತ್ತಾರೆ. ಕಣ್ಣು ಅಕ್ಷರ ಬಿಟ್ಟು ಆ ಬಿಳಿಯ ಹಿಂದೆ ಹೋಗುತ್ತದೆ. ಹಾಗಾಗಿ ಹೈಫನ್ ಬೇಕು. ಆದರೆ ಒಂದರ ಕೆಳಗೊಂದು ಮೂರು ನಾಲ್ಕು ಹೈಫನ್ ಬಂದರೂ ಚೆನ್ನಾಗಿರುವುದಿಲ್ಲ. ಅದಕ್ಕೆ ಲ್ಯಾಡರ್ ಅಂತ ಹೆಸರು. ಎರಡಕ್ಕಿಂತ ಜಾಸ್ತಿ ಸಾಲುಸಾಲಾಗಿ ಬರಬಾರದು, ಮೊದಲು ಮೂರು ಅಕ್ಷರವಾದರೂ ಮೇಲಿರಬೇಕು, ಕೆಳಗೂ ಮೂರಾದರೂ ಇಳಿಯಬೇಕು ಅನ್ನುವುದು ನಮ್ಮ ಆಫೀಸಿನ ಕಟ್ಟಳೆ.

ಎಲ್ಲಿ ಮುರಿಯಬೇಕು ಅನ್ನುವುದರಲ್ಲಿ ಇಂಗ್ಲಿಷಿನವರಲ್ಲೇ ಎರಡು ಮತ ಇದೆ. ಅಮೆರಿಕದವರು ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಒಡೆಯುತ್ತಾರೆ. ಇದಕ್ಕೆ ಅಲ್ಲಿನ ನಿಘಂಟುಕಾರ ನೋವಾ ವೆಬ್‌ಸ್ಟರ್ ದೊಡ್ಡ ಕಾರಣ. 1783ರಲ್ಲಿ ಅವರು ಮಕ್ಕಳಿಗೆ ಕಾಗುಣಿತ ಕಲಿಸುವ ಪುಸ್ತಕ ತಂದರು. ಅದಕ್ಕೂ ಮೊದಲಿನ ಪುಸ್ತಕಗಳಲ್ಲಿ ಹ್ಯಾಬಿಟ್ ಪದವನ್ನು ‘ಹ’ ಆದ ಮೇಲೆ, ಬಿಶಪ್ ಪದವನ್ನು ‘ಬಿ’ ಆದ ಮೇಲೆ ಒಡೆಯುತ್ತಿದ್ದರು. ಹಾಗೆ ಒಡೆದರೆ ಮಗು ಆ ಸ್ವರವನ್ನು ಎಳೆದು ಓದುತ್ತದೆ, ಉಚ್ಚಾರ ಕೆಡುತ್ತದೆ ಅನ್ನುವುದು ವೆಬ್‌ಸ್ಟರ್ ವಾದ. ಅವರು ಹ್ಯಾಬ್, ಬಿಶ್ ಅಂತ ವ್ಯಂಜನವನ್ನೂ ಸೇರಿಸಿ ಒಡೆದರು. ಬ್ರಿಟಿಷರ ಹಳೆಯ ಪದ್ಧತಿ ಬೇರೆ. ಅವರು ಪದ ಯಾವ ತುಂಡುಗಳಿಂದ ಕಟ್ಟಿದ್ದು ಅಂತ ನೋಡುತ್ತಾರೆ. ನಾಲೆಜ್ ಪದವನ್ನೇ ತೆಗೆದುಕೊಳ್ಳಿ. ಅದರೊಳಗೆ ತಿಳಿ ಅನ್ನುವ ಅರ್ಥದ ‘ನೋ’ ಇದೆ. ಬ್ರಿಟಿಷ್ ಪದ್ಧತಿಯಲ್ಲಿ ಆ ‘ನೋ’ ಮೇಲಿನ ಸಾಲಿನಲ್ಲಿ ಇಡಿಯಾಗಿ ಉಳಿಯುತ್ತದೆ. ಅಮೆರಿಕದ ಪದ್ಧತಿಯಲ್ಲಿ ಮುಂದಿನ ‘ಎಲ್’ ಅಕ್ಷರವೂ ಮೇಲೆಯೇ ನಿಲ್ಲುತ್ತದೆ. ಫೋಟೋಗ್ರಫಿಯೂ ಹೀಗೆಯೇ. ಬ್ರಿಟಿಷರಿಗೆ ‘ಫೋಟೋ’ ಆದ ಮೇಲೆ ಮುರಿ, ಅಮೆರಿಕದವರಿಗೆ ‘ಫೋಟಾಗ್’ ಆದ ಮೇಲೆ.

ನಮ್ಮ ಶಾಲೆಗಳಲ್ಲಿ ಕಾಗುಣಿತ ಬ್ರಿಟಿಷ್. ಪುಟ ಕಟ್ಟುವ ಸಾಫ್ಟ್‌ವೇರ್ ಹೊಸದಾಗಿ ಹಾಕಿದಾಗ ಭಾಷೆಯ ಜಾಗದಲ್ಲಿ ಎಷ್ಟೋ ಸಲ ಅಮೆರಿಕದ ಇಂಗ್ಲಿಷ್ ಇರುತ್ತದೆ. ಬದಲಾಯಿಸದೆ ಕೆಲಸ ಶುರು ಮಾಡಿದರೆ ಕಾಗುಣಿತ ಒಂದು ದೇಶದ್ದು, ಮುರಿಯುವ ರೀತಿ ಇನ್ನೊಂದು ದೇಶದ್ದು. ಪುಣೆಯಲ್ಲಿ ಅಚ್ಚಾದ ಪುಸ್ತಕಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ಬ್ರಿಟಿಷ್ ರೀತಿಯೇ ಹೆಚ್ಚು ಹಿಡಿಸುತ್ತದೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಗುವಿಗೆ ಬಾಯಿಯ ಉಚ್ಚಾರಕ್ಕಿಂತ ಪದದ ಕಟ್ಟಡವೇ ಬೇಗ ಕೈಗೆ ಸಿಗುತ್ತದೆ. ‘ಫೋಟೋ’ ಗೊತ್ತಿರುವ ಮಗು ಮುಂದಿನದನ್ನು ಊಹಿಸುತ್ತದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕೆಲಸ ಕಲಿಯಲು ಇಂಡಿ ಕಡೆಯ ಒಬ್ಬ ಹುಡುಗಿ ಸೇರಿದ್ದಾಳೆ. ಚುರುಕು. ಮೊದಮೊದಲು ಪ್ರೂಫ್ ಕೊಟ್ಟಾಗ ಸಾಲಿನ ಕೊನೆ ನೋಡುತ್ತಲೇ ಇರಲಿಲ್ಲ. “ಅಕ್ಕಾರ, ಕಂಪ್ಯೂಟರೇ ಒಡದೈತಲ್ರೀ, ಮತ್ತ ನಾವ್ಯಾಕ ನೋಡ್ಬೇಕು?” ಅಂದಳು. ಅವಳ ಕೈಯಲ್ಲಿದ್ದದ್ದು ಏಳನೇ ತರಗತಿಯ ಭೂಗೋಳ. ಮಳೆ ಅಳೆಯುವ ಪಾಠ. ದಿನಾ ಬೆಳಿಗ್ಗೆ ಮಳೆಯ ಅಳತೆಯನ್ನು ಬರೆದಿಡಿ ಅನ್ನುವ ವಾಕ್ಯ. ಬರೆದಿಡಿ ಅನ್ನುವಲ್ಲಿ ‘ರೆಕಾರ್ಡ್’ ಪದ ಇತ್ತು, ಅದು ಸಾಲಿನ ತುದಿಗೆ ಬಂದು ಎರಡಾಗಿತ್ತು. ಮೂರು ಅಕ್ಷರ ಮೇಲೆ, ಮೂರು ಕೆಳಗೆ.

“ಜೋರಾಗಿ ಓದು” ಅಂದೆ. ಅವಳು ಮೇಲಿನ ಸಾಲಿನ ತುದಿಯಲ್ಲಿ ‘ರೆಕ್’ ಅಂತ ಓದಿ, ಕೆಳಗೆ ಇಳಿದು ‘ಅರ್ಡ್’ ಅಂದಳು. ಹಾಗೆ ಓದಿದರೆ ಅದು ದಾಖಲೆ. ಕ್ರಿಕೆಟ್ ರೆಕಾರ್ಡ್, ಮಳೆಯ ರೆಕಾರ್ಡ್. ಇಲ್ಲಿ ಬೇಕಾದದ್ದು ದಾಖಲೆಯಲ್ಲ, ದಾಖಲಿಸು ಅನ್ನುವ ಕ್ರಿಯಾಪದ. ಅದನ್ನು ‘ರಿಕಾರ್ಡ್’ ಅಂತ ಒತ್ತನ್ನು ಎರಡನೇ ತುಂಡಿಗೆ ತಳ್ಳಿ ಹೇಳಬೇಕು, ಒಡೆಯುವುದಾದರೆ ‘ರಿ’ ಆದ ಮೇಲೆ ಒಡೆಯಬೇಕು. ಅಕ್ಷರ ಅವೇ ಆರು. ವಾಕ್ಯದಲ್ಲಿ ಅದು ಮಾಡುವ ಕೆಲಸ ಬೇರೆಯಾದರೆ ಮುರಿಯುವ ಜಾಗವೂ ಬೇರೆ. ನಮ್ಮ ಕಟ್ಟಳೆಯಲ್ಲಿ ಎರಡೇ ಅಕ್ಷರ ಮೇಲೆ ಬಿಡುವಂತಿಲ್ಲ. ಹಾಗಾಗಿ ಪದದ ಮುಂದೆ ಕರ್ಸರ್ ಇಟ್ಟು, ಕಂಟ್ರೋಲ್, ಶಿಫ್ಟ್ ಮತ್ತು ಹೈಫನ್ ಒಟ್ಟಿಗೆ ಒತ್ತಿದೆವು. ನಾವು ಪುಟ ಕಟ್ಟುವ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಪದದ ಮೊದಲಿಗೇ ಹೀಗೆ ಮಾಡಿದರೆ ಆ ಪದ ಮುರಿಯುವುದಿಲ್ಲ, ಇಡಿಯಾಗಿ ಕೆಳಗೆ ಹೋಗುತ್ತದೆ.

ಇಂಥ ಪದಗಳು ಇಂಗ್ಲಿಷಿನಲ್ಲಿ ಕಮ್ಮಿ ಇಲ್ಲ. ‘ಮಿನಿಟ್’ ಅಂದರೆ ನಿಮಿಷ, ಅದೇ ಅಕ್ಷರಗಳನ್ನು ‘ಮೈನ್ಯೂಟ್’ ಅಂತ ಓದಿದರೆ ಅತಿ ಸಣ್ಣ. ವಿಜ್ಞಾನದ ಪಾಠದಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ. ‘ರೆಫ್ಯೂಸ್’ ಕಸ, ‘ರಿಫ್ಯೂಸ್’ ಬೇಡ ಅನ್ನುವುದು. ‘ಡೆಸರ್ಟ್’ ಮರುಭೂಮಿ, ‘ಡಿಸರ್ಟ್’ ಬಿಟ್ಟು ಹೋಗುವುದು. ಮೇಲಿನ ಸಾಲಿನ ತುಂಡು ಓದಿದ ಕೂಡಲೇ ಓದುವವರ ಮನಸ್ಸು ಒಂದು ಅರ್ಥವನ್ನು ಹಿಡಿದುಬಿಡುತ್ತದೆ. ಕೆಳಗಿನ ತುಂಡು ಅದಕ್ಕೆ ಹೊಂದದಿದ್ದರೆ ಹಿಂದೆ ಹೋಗಿ ಮತ್ತೆ ಓದಬೇಕು.

ಯಂತ್ರಕ್ಕೆ ಪದ ಒಡೆಯುವುದನ್ನು ಕಲಿಸಿದವರಲ್ಲಿ ನಾನು ಬಹಳ ಗೌರವಿಸುವವರು ಫ್ರಾಂಕ್ ಲಿಯಾಂಗ್. ಸ್ಟ್ಯಾನ್‌ಫರ್ಡ್‌ನಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರ ವಿದ್ಯಾರ್ಥಿ. ಕನೂತ್ ಪುಸ್ತಕಗಳ ಪುಟ ಕಟ್ಟಲು ಟೆಕ್ ಅನ್ನುವ ಪ್ರೋಗ್ರಾಂ ಬರೆಯುತ್ತಿದ್ದರು. ಅದಕ್ಕಾಗಿ ಲಿಯಾಂಗ್ ಮಾಡಿದ ಪಿಎಚ್‌ಡಿ ಕೆಲಸ 1983ರಲ್ಲಿ ಮುಗಿಯಿತು. ಪ್ರಬಂಧದ ಹೆಸರಿನಲ್ಲೇ ಪದಗಳನ್ನು ಹೈಫನ್ ಹಾಕಿ ಒಡೆದು ಬರೆದಿದ್ದಾರೆ. ಇಡೀ ನಿಘಂಟನ್ನು ಯಂತ್ರದೊಳಗೆ ತುಂಬಲು ಆಗ ಜಾಗವಿರಲಿಲ್ಲ. ಅದಕ್ಕೆ ಅವರು ನಿಘಂಟಿನಿಂದ ಅಕ್ಷರಗಳ ಸಣ್ಣ ಸಣ್ಣ ಗುಂಪುಗಳನ್ನು ಹೆಕ್ಕಿದರು. ಒಟ್ಟು 4447. ಪ್ರತಿ ಗುಂಪಿನಲ್ಲೂ ಅಕ್ಷರಗಳ ನಡುವೆ 1ರಿಂದ 5ರವರೆಗಿನ ಅಂಕಿಗಳು. ಬೆಸ ಅಂಕಿ ಬಂದರೆ ಅಲ್ಲಿ ಮುರಿಯಬಹುದು, ಸಮ ಅಂಕಿ ಬಂದರೆ ಮುರಿಯಬಾರದು. ಒಂದೇ ಜಾಗಕ್ಕೆ ಎರಡು ಗುಂಪು ಬೇರೆ ಬೇರೆ ಹೇಳಿದರೆ ದೊಡ್ಡ ಅಂಕಿಯ ಮಾತು ನಡೆಯುತ್ತದೆ. ಇಷ್ಟರಲ್ಲೇ ಆ ನಿಘಂಟಿನ ಸರಿಯಾದ ಮುರಿತಗಳಲ್ಲಿ ಸುಮಾರು 89% ಸಿಗುತ್ತವೆ. ಉಳಿದವನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ. ತಪ್ಪಾಗಿ ಮುರಿಯುವುದಕ್ಕಿಂತ ಮುರಿಯದಿರುವುದು ವಾಸಿ ಅನ್ನುವ ಎಚ್ಚರ ಅದರ ಒಳಗೇ ಇದೆ.

ಆ ಗುಂಪುಗಳಿಗೂ ಬಗ್ಗದ 14 ಪದಗಳ ಒಂದು ಪಟ್ಟಿಯೂ ಟೆಕ್ ಜೊತೆಗೇ ಬರುತ್ತದೆ. ಅದರಲ್ಲಿ ‘ಪ್ರೆಸೆಂಟ್’ ಇದೆ, ‘ಪ್ರಾಜೆಕ್ಟ್’ ಇದೆ. ಎರಡಕ್ಕೂ ಒಂದೇ ಒಂದು ಹೈಫನ್ ಕೂಡ ಕೊಟ್ಟಿಲ್ಲ. ಅಂದರೆ ಮುರಿಯಲೇಬೇಡ ಅಂತ. ಪ್ರೆಸೆಂಟ್ ಉಡುಗೊರೆಯಾದರೆ ಒಂದು ಕಡೆ ಒಡೆಯಬೇಕು, ಮುಂದಿಡು ಅನ್ನುವ ಅರ್ಥವಾದರೆ ಇನ್ನೊಂದು ಕಡೆ. ಅಕ್ಷರ ನೋಡಿ ಯಾವುದೆಂದು ಹೇಳಲಾಗದು, ವಾಕ್ಯ ಓದಬೇಕು. ವಾಕ್ಯ ಓದಲು ಬಾರದ ಯಂತ್ರ ಅದನ್ನು ಮುಟ್ಟದಿರಲಿ ಅಂತ ಅವರು ತೀರ್ಮಾನಿಸಿದರು. ಇದನ್ನು ಆ ಹುಡುಗಿಗೆ ಹೇಳಿದಾಗಿನಿಂದ ಅವಳು ಪ್ರೂಫಿನ ಬಲ ಅಂಚನ್ನು ಬೆರಳಿಟ್ಟು ಮೇಲಿಂದ ಕೆಳಗೆ ನೋಡುತ್ತಾಳೆ.

ಇನ್ನೊಂದು ಬಗೆಯ ಎಡವಟ್ಟೂ ಇದೆ. ಪದ ಒಂದೇ ಅರ್ಥದ್ದು, ಆದರೆ ತುಂಡುಗಳು ಬೇರೆ ಪದಗಳಾಗಿ ನಿಲ್ಲುತ್ತವೆ. ‘ಲೆಜೆಂಡ್ಸ್’ ಅನ್ನು ಮೂರು ಅಕ್ಷರಕ್ಕೆ ಒಡೆದರೆ ಮೇಲೆ ‘ಲೆಗ್’, ಕೆಳಗೆ ‘ಎಂಡ್ಸ್’. ‘ಥೆರಪಿಸ್ಟ್’ ಅನ್ನು ಮೂರಕ್ಕೆ ಒಡೆದರೆ ಕೆಳಗಿನ ಸಾಲಿನಲ್ಲಿ ಉಳಿಯುವುದು ಮಕ್ಕಳ ಪುಸ್ತಕದಲ್ಲಿ ಬರಲೇಬಾರದ ಪದ. ಇವೆರಡನ್ನೂ ನಾವು ಎಂದೂ ಮುರಿಯದ ಪದಗಳ ಪಟ್ಟಿಯಲ್ಲಿ ಹಾಕಿಟ್ಟಿದ್ದೇವೆ. ಪ್ರತಿ ಹೊಸ ಪುಸ್ತಕ ಶುರು ಮಾಡುವ ಮೊದಲು ಆ ಪಟ್ಟಿ ಒಳಗೆ ಹೋಗುತ್ತದೆ.

ಹೈಫನ್ನಿನ ಇನ್ನೊಂದು ಕೆಲಸ ಕೂಡಿಸುವುದು. ಅಸಲಿಗೆ ಅದೇ ಹಳೆಯದು. ಗ್ರೀಕರು ಎರಡು ಪದ ಒಟ್ಟಿಗೆ ಓದಬೇಕು ಅಂತ ತೋರಿಸಲು ಕೆಳಗೆ ಬಿಲ್ಲಿನಂಥ ಒಂದು ಗೆರೆ ಎಳೆಯುತ್ತಿದ್ದರು. ಹೈಫನ್ ಅನ್ನುವ ಹೆಸರಿಗೂ ಗ್ರೀಕಿನಲ್ಲಿ ‘ಒಂದರ ಅಡಿಯಲ್ಲಿ’ ಅನ್ನುವ ಅರ್ಥ. ಈ ಕೂಡಿಸುವ ಹೈಫನ್ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಕಾರ್ಖಾನೆಯ ಬಗ್ಗೆ ಒಂದು ಪಾಠದಲ್ಲಿ ‘ಟ್ವೆಂಟಿ ಫೋರ್ ಅವರ್ ಶಿಫ್ಟ್ಸ್’ ಅಂತ ಬಂದಿತ್ತು, ಒಂದೂ ಹೈಫನ್ ಇಲ್ಲದೆ. ಮೊದಲ ಮೂರೂ ಪದ ಹೈಫನ್ ಹಾಕಿ ಸೇರಿಸಿದರೆ 24 ಗಂಟೆಯ ಪಾಳಿಗಳು. ಫೋರ್ ಮತ್ತು ಅವರ್ ಮಾತ್ರ ಸೇರಿಸಿದರೆ ನಾಲ್ಕು ಗಂಟೆಯ 20 ಪಾಳಿಗಳು. ಟ್ವೆಂಟಿ ಮತ್ತು ಫೋರ್ ಸೇರಿಸಿ ಬಿಟ್ಟರೆ ಒಂದೊಂದು ಗಂಟೆಯ 24 ಪಾಳಿಗಳು. ಆಟಗಾರ ‘ರಿಸೈನ್’ ಮಾಡಿದ ಅಂದರೆ ತಂಡ ಬಿಟ್ಟ. ‘ರಿ’ ಆದ ಮೇಲೆ ಹೈಫನ್ ಬಂದರೆ ಮತ್ತೆ ಸಹಿ ಹಾಕಿದ, ಅಂದರೆ ತಂಡದಲ್ಲೇ ಉಳಿದ. ಎಂಥ ದೊಡ್ಡ ಫರಕು ನೋಡಿ.

ಆದರೂ ಹೈಫನ್ ಕಮ್ಮಿಯಾಗುತ್ತಲೇ ಇದೆ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಆರನೇ ಆವೃತ್ತಿ ಬಂದಾಗ ಸುಮಾರು 16,000 ಪದಗಳ ಹೈಫನ್ ತೆಗೆದರು. ಐಸ್‌ಕ್ರೀಮ್ ಎರಡು ಬಿಡಿ ಪದವಾಯಿತು, ಲೀಪ್‌ಫ್ರಾಗ್ ಒಂದೇ ಪದವಾಯಿತು. ನಮ್ಮ ಲೇಖಕರಲ್ಲಿ ಹಿರಿಯರು ಹಳೆಯ ರೂಢಿಯಲ್ಲಿ ಬರೆಯುತ್ತಾರೆ, ಕಿರಿಯರು ಹೊಸದರಲ್ಲಿ. ಒಂದು ಪುಸ್ತಕದೊಳಗೆ ಒಂದೇ ರೀತಿ ಇರಲಿ ಅನ್ನುವುದಷ್ಟೇ ನನ್ನ ಹಟ.

ಒಂದು ಜಾಗದಲ್ಲಿ ಮಾತ್ರ ಹೈಫನ್ ಬಿಟ್ಟುಕೊಡಲು ನಾನು ತಯಾರಿಲ್ಲ. ಅದಕ್ಕೆ ‘ರನ್’ ಪದದ ವಿಷಯ ಹೇಳಬೇಕು. ಮೂರೇ ಅಕ್ಷರ, ಒಂದೇ ಉಸಿರು. ಸಾಲಿನ ಕೊನೆಯಲ್ಲಿ ಎಂದೂ ಮುರಿಯದ ಪದ. ಅದರ ಅರ್ಥಗಳಿಗೆ ಮಾತ್ರ ಕೊನೆಯಿಲ್ಲ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದಾಗಿತ್ತು, ಕ್ರಿಯಾಪದಕ್ಕೇ 430 ಅರ್ಥ. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವೊಂದಕ್ಕೇ 645 ಅರ್ಥ. ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಆ ಒಂದು ಪದಕ್ಕೆ ಒಂಬತ್ತು ತಿಂಗಳು ಕೂತರು. ಕಾಲಿಂದ ಓಡುವುದು ಅದರಲ್ಲಿ ಒಂದು ಮೂಲೆ ಅಷ್ಟೆ. ಯಂತ್ರ ಓಡುತ್ತದೆ, ಹೋಟೆಲ್ ನಡೆಯುತ್ತದೆ, ಮೂಗು ಸೋರುತ್ತದೆ, ಚುನಾವಣೆಗೆ ನಿಲ್ಲುತ್ತಾರೆ, ಬಟ್ಟೆಯ ಬಣ್ಣ ಬಿಡುತ್ತದೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ರನ್ ಸಾಕು.

ನಮ್ಮ ಪ್ರೆಸ್ಸಿನಲ್ಲೇ ಅದಕ್ಕೆ ಎಷ್ಟು ಕೆಲಸ! ಎಷ್ಟು ಪ್ರತಿ ಹಾಕುತ್ತೇವೋ ಅದು ಪ್ರಿಂಟ್ ರನ್. ಪುಟದ ನೆತ್ತಿಯ ಮೇಲೆ ಬರುವ ಪಾಠದ ಹೆಸರು ರನ್ನಿಂಗ್ ಹೆಡ್. ಹೊಸ ಸಾಲು ಮಾಡದೆ ಹಿಂದಿನದಕ್ಕೇ ಸೇರಿಸು ಅನ್ನಲು ಪ್ರೂಫಿನಲ್ಲಿ ರನ್ ಆನ್ ಅಂತ ಬರೆಯುತ್ತೇವೆ. ಚಿತ್ರದ ಸುತ್ತ ಅಕ್ಷರ ಹರಿಸಿದರೆ ರನ್ ಅರೌಂಡ್. ಆ ಹುಡುಗಿ ಮೊದಲ ವಾರದಲ್ಲೇ ಇವಿಷ್ಟನ್ನೂ ಕಲಿತಳು, ಒಂದಕ್ಕೂ ಓಟದ ಚಿತ್ರ ಅವಳ ಮನಸ್ಸಿಗೆ ಬರಲಿಲ್ಲ.

ಇಷ್ಟು ಅರ್ಥ ಹೊತ್ತ ಪದಕ್ಕೆ ಹೈಫನ್ ದಾರಿ ತೋರಿಸುತ್ತದೆ. ಬ್ಯಾಟ್ಸ್‌ಮನ್ ‘ರನ್ ಔಟ್’ ಆದ ಅನ್ನುವಾಗ ಅದು ಕ್ರಿಯೆ, ಎರಡು ಬಿಡಿ ಪದ. ಅದೊಂದು ಒಳ್ಳೆಯ ‘ರನ್-ಔಟ್’ ಅನ್ನುವಾಗ ಅದು ನಾಮಪದ, ನಡುವೆ ಹೈಫನ್. ಬೌಲರ್ ಓಡಿ ಬಂದ ಅನ್ನುವಾಗ ಎರಡು ಬಿಡಿ ಪದ, ಅವನ ‘ರನ್-ಅಪ್’ ಅನ್ನುವಾಗ ಕೂಡಿದ್ದು. ರೆಕಾರ್ಡ್ ಪದದಲ್ಲಿ ಮುರಿಯುವ ಜಾಗ ಮಾಡಿದ ಕೆಲಸವನ್ನೇ ಇಲ್ಲಿ ಕೂಡಿಸುವ ಗೆರೆ ಮಾಡುತ್ತದೆ. ಹೆಸರೋ ಕ್ರಿಯೆಯೋ ಅಂತ ಕಣ್ಣಿಗೆ ಮೊದಲೇ ಹೇಳುತ್ತದೆ. ಇದನ್ನು ತೆಗೆದುಹಾಕಿ ಅಂತ ಯಾರಾದರೂ ಲೇಖಕರು ಹೇಳಿದರೆ ನಾನು ಫೋನ್ ಮಾಡಿ ವಾದಿಸುತ್ತೇನೆ.

ಅರ್ಥಗಳನ್ನು ವಾಕ್ಯಗಳಿಂದಲೇ ಹೆಕ್ಕುವ ಕೆಲಸ ನೋಡಬೇಕೆಂದರೆ ಆಕ್ಸ್‌ಫರ್ಡಿಗೆ ಹೋಗಬೇಕಿಲ್ಲ. ಪುಣೆಯ ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತಕ್ಕೆ ಅದೇ ಐತಿಹಾಸಿಕ ಪದ್ಧತಿಯ ನಿಘಂಟು ತಯಾರಾಗುತ್ತಿದೆ. 1948ರಲ್ಲಿ ಎಸ್. ಎಂ. ಕತ್ರೆಯವರು ಶುರು ಮಾಡಿದ್ದು. ಸುಮಾರು 1,500 ಗ್ರಂಥಗಳಿಂದ ಪದಗಳನ್ನು ವಾಕ್ಯದ ಸಮೇತ ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ. ಚೀಟಿಗಳು ಸುಮಾರು ಒಂದು ಕೋಟಿ. ಇಷ್ಟು ವರ್ಷವಾದರೂ ಅಚ್ಚಾಗಿರುವುದು ‘ಅ’ ಅಕ್ಷರದ ಪದಗಳೇ. ತಡವಾಯಿತು ಅಂತ ಕೆಲವರು ಮಾತಾಡುತ್ತಾರೆ. ನನಗೆ ಆ ಜನರ ಮೇಲೆ ಭಕ್ತಿಯೇ ಇದೆ. ಒಂದು ಪದ ಎಲ್ಲೆಲ್ಲಿ ಏನೇನು ಕೆಲಸ ಮಾಡಿದೆ ಅಂತ ನೋಡದೆ ಅದರ ಅರ್ಥ ಬರೆಯುವುದಿಲ್ಲ ಅನ್ನುವವರು ಅವರು.

ಕನ್ನಡದಲ್ಲಿ ನಮಗೆ ಇಷ್ಟು ತೊಂದರೆ ಇಲ್ಲ. ಬರೆದಂತೆ ಓದುತ್ತೇವೆ, ಪ್ರತಿ ಅಕ್ಷರವೂ ಸ್ವರ ಹೊತ್ತುಕೊಂಡೇ ಬರುತ್ತದೆ. ಎಲ್ಲಿ ಮುರಿದರೂ ಉಚ್ಚಾರ ಕೆಡುವುದಿಲ್ಲ. ಒತ್ತಕ್ಷರವನ್ನು ಮಾತ್ರ ಬಿಡಿಸಬಾರದು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಪುಸ್ತಕಗಳಲ್ಲಿ ಎಲ್ಲಿ ಸಾಲು ತುಂಬಿತೋ ಅಲ್ಲೇ ಮುರಿದಿರುವುದನ್ನು ನೀವೂ ನೋಡಿರುತ್ತೀರಿ. ಈಗ ಸಂತೋಷ್ ತೊಟ್ಟಿಂಗಲ್ ಅವರು ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಮಾಡಿಕೊಟ್ಟ ಹೈಫನ್ ನಿಯಮಗಳಿವೆ, ಅವೂ ಲಿಯಾಂಗ್ ಹಾಕಿದ ದಾರಿಯವೇ. ಆದರೂ ಅರ್ಥ ನೋಡಬೇಕು. ‘ಹಣತೆ’ಯನ್ನು ಎರಡು ಅಕ್ಷರಕ್ಕೆ ಮುರಿದರೆ ಓದುವವರು ಮೊದಲು ಹಣ ಅಂತ ಓದಿಬಿಡುತ್ತಾರೆ. ‘ಮಹಾರಾಷ್ಟ್ರದಲ್ಲಿರುವವರಿಗೆಲ್ಲ’ ಅನ್ನುವಂಥ ಪದ ಬಂದರೆ ಮುರಿಯದೆ ಗತಿಯಿಲ್ಲ. ಆಗ ನಾನು ‘ಮಹಾರಾಷ್ಟ್ರದಲ್ಲಿ’ ಆದ ಮೇಲೆ ಮುರಿಯುತ್ತೇನೆ. ಅಲ್ಲಿಗೆ ಒಂದು ಅರ್ಥ ಪೂರ್ತಿಯಾಗುತ್ತದೆ, ಕಣ್ಣು ನಿರಾಳವಾಗಿ ಕೆಳಗಿಳಿಯುತ್ತದೆ.

ಇಲ್ಲಿನ ಕನ್ನಡಿಗರ ಒಂದು ಬಳಗದ ರಾಜ್ಯೋತ್ಸವದ ಸಂಚಿಕೆಗೂ ನಾನೇ ಪುಟ ಕಟ್ಟುತ್ತೇನೆ. ಲೇಖನ ಕಳಿಸುವವರಲ್ಲಿ ಒಂದು ವಿನಂತಿ. ನಿಮ್ಮ ಪರದೆಯಲ್ಲಿ ಸಾಲು ಮುಗಿಯಿತು ಅಂತ ನೀವೇ ಹೈಫನ್ ಟೈಪ್ ಮಾಡಿ ಎಂಟರ್ ಒತ್ತಿ ಕಳಿಸಬೇಡಿ. ನಮ್ಮ ಕಾಲಮ್ ಅಗಲ ಬೇರೆ. ನೀವು ಹಾಕಿದ ಹೈಫನ್ನುಗಳೆಲ್ಲ ಸಾಲಿನ ನಟ್ಟನಡುವೆ ಬಂದು ಕೂರುತ್ತವೆ, ಒಂದೊಂದನ್ನೂ ಹುಡುಕಿ ತೆಗೆಯಬೇಕು. ಪದವನ್ನು ಇಡಿಯಾಗಿ ಬರೆದು ಕಳಿಸಿ. ಇಂಗ್ಲಿಷ್ ಪದ ಕನ್ನಡ ಲಿಪಿಯಲ್ಲಿ ಬರೆಯುವಾಗ ‘ರೆಕಾರ್ಡ್’ ಬೇಕೋ ‘ರಿಕಾರ್ಡ್’ ಬೇಕೋ ಅನ್ನುವುದನ್ನು ನೋಡಿ ಬರೆಯಿರಿ. ಮುರಿಯುವ ಕೆಲಸ ನನಗೆ ಬಿಡಿ.